ಅವ್ವನ ಬ್ಯಾಗು ತುಂಬಿದ್ದು

ನಮ್ಮ ಶಹಾಬಾದಿನಲ್ಲಿ ಚಳಿ ಅನ್ನುವುದು ಬೆಳಿಗ್ಗೆ ಬಂದು ಹತ್ತು ಗಂಟೆಯೊಳಗೆ ಹೋಗಿಬಿಡುವ ನೆಂಟ. ಅಷ್ಟು ಹೊತ್ತು ಕಿವಿಗೊಂದು ಟವೆಲ್ಲು ಸುತ್ತಿಕೊಂಡರೆ ಮುಗಿಯಿತು. ಕಾಲಲ್ಲಿ ಚಪ್ಪಲಿ ಇಲ್ಲದಿದ್ದರೂ ನಡೆಯುತ್ತದೆ, ಕಿವಿ ಮಾತ್ರ ಮುಚ್ಚಿರಬೇಕು. ಹೀಗಾಗಿ ಹೋದ ವರ್ಷ ದೀಪಾವಳಿ ಮುಗಿದು ಹೊಲಗಳಲ್ಲಿ ತೊಗರಿ ಹೂ ಬಿಟ್ಟ ಹೊತ್ತಿಗೆ, ಅವ್ವ ಬುದ್ಧಗಯಾಕ್ಕೆ ಹೊರಡುತ್ತೇನೆ ಅಂದಾಗ, ನಮ್ಮ ಮನೆಯಲ್ಲಿ ಬೆಚ್ಚಗಿನ ಬಟ್ಟೆ ಅಂತ ಇದ್ದದ್ದು ನನ್ನದೊಂದು ಸ್ವೆಟರು. ಅದೂ ಶಾಲೆಯ ಪ್ರವಾಸಕ್ಕೆಂದು ಕೊಂಡದ್ದು, ಒಂದೇ ಸಲ ಹಾಕಿದ್ದು.

ಮನೆಯಲ್ಲಿ ಇರುವವರು ನಾವಿಬ್ಬರೇ. ನಾನು ಸರಕಾರಿ ಪ್ರಾಥಮಿಕ ಶಾಲೆಯಲ್ಲಿ ಪಾಠ ಹೇಳುತ್ತೇನೆ. ಮದುವೆಯಾಗಲಿಲ್ಲ, ಈಗ ಅದನ್ನು ಯಾರೂ ಕೇಳುವುದೂ ಇಲ್ಲ, ಅಷ್ಟು ವಯಸ್ಸಾಗಿದೆ. ಅವ್ವನಿಗೆ ಎಪ್ಪತ್ತು ದಾಟಿದೆ. ಹರೆಯದಲ್ಲಿ ಅವಳು ಗಣಿಯಲ್ಲಿ ನೆಲಕ್ಕೆ ಹಾಸುವ ಫರ್ಸಿ ಕಲ್ಲು ಹೊತ್ತಳು, ಆಮೇಲೆ ಬಹಳ ವರ್ಷ ಪಾಲಿಶ್ ಮಷೀನಿನ ಮುಂದೆ ನಿಂತಳು. ಆ ಕಲ್ಲಿನ ಧೂಳು ಅವಳ ಎದೆಯಲ್ಲಿ ಇನ್ನೂ ಇದೆ. ಗಾಳಿ ಸ್ವಲ್ಪ ತಣ್ಣಗಾದರೆ ಸಾಕು, ಉಸಿರಿನ ಜೊತೆ ಸಿಳ್ಳೆ ಕೇಳಿಸುತ್ತದೆ. ದಮ್ಮು. ನಮ್ಮ ಓಣಿಯಲ್ಲಿ ಅವಳ ವಯಸ್ಸಿನ ಅರ್ಧ ಹೆಂಗಸರಿಗೆ ಅದು ಇದೆ, ಉಳಿದ ಅರ್ಧ ಹೆಂಗಸರು ಈಗ ಇಲ್ಲ.

ಯಾತ್ರೆ ಹೊರಡಿಸಿದವರು ಚಿತ್ತಾಪುರದ ಒಬ್ಬ ನಿವೃತ್ತ ಮಾಸ್ತರು. ಸೇಡಂ, ಚಿಂಚೋಳಿ, ಗುಂಡಗುರ್ತಿ ಕಡೆಯ ನಮ್ಮ ಜನರಲ್ಲಿ ವಯಸ್ಸಾದವರನ್ನು ಸೇರಿಸಿ ಹದಿನೈದು ದಿನ ಬುದ್ಧಗಯಾ, ಸಾರನಾಥ ತೋರಿಸಿಕೊಂಡು ಬರುತ್ತಾರೆ. ಹಿಂದಿನ ಸಲ ನಾಲ್ಕು ಜನರ ಸಾಮಾನು ತಾವೇ ಹೊತ್ತು ಮಾಸ್ತರ ನಡ ಹಿಡಿದುಕೊಂಡಿತ್ತಂತೆ. ಅದಕ್ಕೇ ಈ ಸಲ ಒಂದು ಕಾನೂನು ಮಾಡಿದ್ದರು. ಯಾರ ಬ್ಯಾಗು ಅವರೇ ಹೊರಬೇಕು. ಹೊರಡುವ ಹಿಂದಿನ ಭಾನುವಾರ ಎಲ್ಲರೂ ತುಂಬಿದ ಬ್ಯಾಗಿನೊಂದಿಗೆ ವಾಡಿ ಜಂಕ್ಷನ್ನಿಗೆ ಬರಬೇಕು, ಮೇಲ್ಸೇತುವೆ ಹತ್ತಿ ಆಚೆ ಪ್ಲಾಟ್‌ಫಾರ್ಮಿಗೆ ಇಳಿಯಬೇಕು. ಆಗದವರು ಮನೆಯಲ್ಲೇ ಉಳಿಯಬೇಕು.

ನಾನು ಅವ್ವನನ್ನು ಕಲಬುರಗಿಯ ಡಾಕ್ಟರ ಹತ್ತಿರ ಕರೆದುಕೊಂಡು ಹೋದೆ. ಅವರು ಬೇಡ ಅನ್ನುತ್ತಾರೆ ಅನ್ನುವ ಭರವಸೆಯಿಂದಲೇ ಹೋದದ್ದು. ಅವರು ಎದೆಗೆ ನಳಿಕೆ ಇಟ್ಟು ಕೇಳಿ, "ಹೋಗಿ ಬರಲಿ ಬಿಡ್ರಿ ಅಕ್ಕೋರೆ, ಮೈ ಬೆಚ್ಚಗಿದ್ರ ಸಾಕು" ಅಂದರು. ಅವ್ವ ಅವರಿಗೆ ಕೈ ಮುಗಿದಳು. ನನಗೆ ಆ ಡಾಕ್ಟರ ಮೇಲೆ ಈಗಲೂ ಪೂರ್ತಿ ಸಮಾಧಾನವಿಲ್ಲ.

ಅದೇ ಊರಿನ ಪೇಟೆಯಲ್ಲಿ ಚಳಿಗಾಲಕ್ಕೆ ಬಂದು ಅಂಗಡಿ ಹಾಕುವ ನೇಪಾಳಿಗಳ ಹತ್ತಿರ ಎರಡು ಸ್ವೆಟರು, ಒಂದು ಉಣ್ಣೆಯ ಮಫ್ಲರು, ಕಾಲುಚೀಲ ಕೊಂಡೆ. ಮಧ್ಯಾಹ್ನದ ಬಿಸಿಲಿಗೆ ಕುತ್ತಿಗೆಯಲ್ಲಿ ಬೆವರು ಇಳಿಯುತ್ತಿತ್ತು. ಅಂಥ ಹೊತ್ತಿನಲ್ಲಿ ಉಣ್ಣೆ ಮುಟ್ಟಿ ನೋಡಿ ಚೌಕಾಸಿ ಮಾಡುವವರನ್ನು ಕಂಡು ಹಾದಿಯ ಜನ ನಗುವುದರಲ್ಲಿ ತಪ್ಪೇನಿಲ್ಲ. ಅವ್ವ ಕಾಲುಚೀಲವನ್ನು ತಿರುವಿ ಮುರುವಿ ನೋಡಿ, "ಇದನ್ನ ಹಾಕ್ಕೊಂಡು ಚಪ್ಪಲಿ ಹ್ಯಾಂಗ ಮೆಟ್ಟಬೇಕು? ಇದಕ್ಕ ಬೆರಳೇ ಇಲ್ಲ" ಅಂದಳು. ಅಂಗಡಿಯವನು ಗಾಲಿಯಿರುವ ಬ್ಯಾಗು ತೋರಿಸಿದ. ನಾನು ಬೇಡವೆಂದು ದೊಡ್ಡದೊಂದು ಕ್ಯಾನ್ವಾಸಿನ ಕೈಬ್ಯಾಗು ತೆಗೆದುಕೊಂಡೆ. ಗಾಲಿ ಬೇಗ ಮುರಿಯುತ್ತದೆ ಅಂತ ಅವ್ವನಿಗೆ ಹೇಳಿದೆ. ಅವಳು ನಂಬಿದಳು ಅಂದುಕೊಂಡೆ.

ಬ್ಯಾಗು ತುಂಬಲು ಒಂದು ವಾರ ಹಿಡಿಯಿತು. ಮೊದಲ ಮೂರು ದಿನ ನಾನು ತುಂಬಿದ್ದು ಚಳಿಗೆ. ನಾಲ್ಕನೆಯ ದಿನದಿಂದ ತುಂಬಿದ್ದು ವಾಡಿಯ ಸೇತುವೆಗೆ. ಹಳೇ ಸೀರೆಗಳನ್ನು ಪದರು ಪದರಾಗಿ ಹೊಲಿದ ದೊಡ್ಡ ಕೌದಿ ಅಡಿಯಲ್ಲಿ ಹೋಯಿತು. ಅದರ ಮೇಲೆ ಜಮಖಾನ, ಅಲ್ಲಿಯ ನೆಲ ತಣ್ಣಗಿರುತ್ತದಲ್ಲ. ಎದೆಗೆ ತಿಕ್ಕಲು ಕುಸುಬಿ ಎಣ್ಣೆಯ ದೊಡ್ಡ ಬಾಟಲಿ. ಬಿಸಿನೀರಿಗೆ ಉಕ್ಕಿನ ಫ್ಲಾಸ್ಕು. ಔಷಧದ ಹಬೆ ಎಳೆಯುವ ಮಷೀನು. ಕಟಕ ರೊಟ್ಟಿಯ ಗಂಟು, ಅದಕ್ಕೆ ಹಚ್ಚಿಕೊಳ್ಳಲು ಶೇಂಗಾ ಹಿಂಡಿಯ ಡಬ್ಬಿ. ಯಾವುದನ್ನು ಕೈಯಲ್ಲಿ ಹಿಡಿದು ಇದು ಯಾಕೆ ಅಂತ ಕೇಳಿದರೂ ನನ್ನ ಹತ್ತಿರ ಉತ್ತರವಿತ್ತು. ಮಾಸ್ತರಿಕೆಯಲ್ಲಿ ಇಷ್ಟು ವರ್ಷ ಕಲಿತದ್ದು ಅದೊಂದೇ ಇರಬೇಕು.

ಶನಿವಾರ ಸಂಜೆ ಜಿಪ್ಪು ಎಳೆದು ಕೂತೆ. ಅವ್ವ ಬಂದು ಬ್ಯಾಗಿನ ಒಂದು ಮೂಲೆಯನ್ನು ಎರಡು ಬೆರಳಲ್ಲಿ ಎತ್ತಿ, ಮತ್ತೆ ನೆಲಕ್ಕೆ ಬಿಟ್ಟಳು. ನನ್ನ ಮುಖ ನೋಡಿದಳು. ಚಹಾ ಇಡಲು ಒಳಗೆ ಹೋದಳು.

ಭಾನುವಾರ ಬೆಳಿಗ್ಗೆ ವಾಡಿಯಲ್ಲಿ ಮಾಸ್ತರು ಪಟ್ಟಿ ಹಿಡಿದು ಸೇತುವೆಯ ಬುಡದಲ್ಲಿ ನಿಂತಿದ್ದರು. ನಮ್ಮ ಬ್ಯಾಗನ್ನು ನಾನೂ ಆಟೋದವನೂ ಸೇರಿ ಅಲ್ಲಿಯವರೆಗೆ ಎಳೆದು ತಂದಿದ್ದೆವು. ನಮಗಿಂತ ಮುಂಚೆ ಚಿಂಚೋಳಿ ಕಡೆಯ ಒಬ್ಬ ಹೆಂಗಸು ಹತ್ತಿದಳು. ಅರ್ಧ ಮೆಟ್ಟಿಲಿಗೆ ಬ್ಯಾಗು ಇಳಿಸಿ ಕುಳಿತಳು, ಏಳಲಿಲ್ಲ. "ಬರೂ ವರ್ಷ ಬರ್ರಿ ಯಕ್ಕಾ" ಅಂದರು ಮಾಸ್ತರು, ಮೆತ್ತಗೆ. ಅವಳು ಸೆರಗು ಬಾಯಿಗೆ ಹಿಡಿದು ಇಳಿದು ಬಂದಳು. ನನಗೆ ಪಾಪ ಅನ್ನಿಸಿತು. ಅದರ ಹಿಂದೆಯೇ, ಕಾನೂನು ಎಲ್ಲರಿಗೂ ಒಂದೇ ಅನ್ನುವ ನೆಮ್ಮದಿಯೂ ಆಯಿತು. ಸುಳ್ಳು ಯಾಕೆ ಹೇಳಲಿ.

ಅವ್ವನ ಸರದಿ ಬಂತು. ಅವಳು ಬ್ಯಾಗಿನ ಹಿಡಿಕೆ ಹಿಡಿದು ಎತ್ತಿದಳು. ಒಂದು ಗೇಣು ಎದ್ದಿತು, ಕೆಳಗಿಟ್ಟಳು. ನನ್ನ ಜೀವ ಹಗುರಾಯಿತು. ಮನೆಗೆ ಹೋದ ಮೇಲೆ ಏನೆಂದು ಸಮಾಧಾನ ಹೇಳಬೇಕು ಅಂತ ಮನಸ್ಸಿನಲ್ಲೇ ವಾಕ್ಯ ಜೋಡಿಸತೊಡಗಿದೆ.

ಅಷ್ಟರಲ್ಲಿ ಅವ್ವ ಕಿವಿಯ ಮೇಲಿನ ಮಫ್ಲರು ಬಿಚ್ಚಿದಳು. ಅದನ್ನು ಅಂಗೈಗೆ ಸುತ್ತಿ ಸುತ್ತಿ ಸಿಂಬಿ ಮಾಡಿ ತಲೆಯ ಮೇಲೆ ಇಟ್ಟುಕೊಂಡಳು. ಸೀರೆಯ ನೆರಿಗೆಯನ್ನು ಎತ್ತಿ ಸೊಂಟಕ್ಕೆ ಸಿಕ್ಕಿಸಿಕೊಂಡು ನನ್ನ ಕಡೆ ತಿರುಗಿದಳು.

"ಬಾ. ಹೊರಸು."

ನಾನು ಬ್ಯಾಗಿನ ಭಾರವನ್ನು ನನ್ನ ಕೈಯಿಂದ ಅಳೆದಿದ್ದೆ. ಸೀಮೆಸುಣ್ಣಕ್ಕಿಂತ ದೊಡ್ಡದನ್ನು ದಿನಾ ಎತ್ತದ ಕೈ ಇದು. ಅವ್ವ ಬದುಕಿನಲ್ಲಿ ಭಾರವನ್ನು ಕೈಯಲ್ಲಿ ಹಿಡಿದವಳೇ ಅಲ್ಲ. ಚಿಕ್ಕವಳಿದ್ದಾಗ ಗಣಿಗೆ ಬುತ್ತಿ ಒಯ್ದವಳು ನಾನೇ, ಅವಳು ಕಲ್ಲು ಹೊತ್ತು ದಿಬ್ಬ ಹತ್ತುವುದನ್ನು ನೋಡುತ್ತಾ ಕೂತವಳೂ ನಾನೇ. ಅಂಥ ನಾನು ಇದನ್ನು ಮರೆತಿದ್ದೆ. ಗಣಿಯವಳ ಮಗಳು ಇದಕ್ಕಿಂತ ದಡ್ಡ ಲೆಕ್ಕ ಹಾಕಲು ಸಾಧ್ಯವಿಲ್ಲ.

"ಹೊರಸಿದ್ರ ನಡೀತದೇನ್ರಿ ಮಾಸ್ತರ?" ಅಂತ ಯಾರೋ ಕೇಳಿದರು. ನಾನು ಕೇಳಬೇಕೆಂದಿದ್ದದ್ದೂ ಅದೇ.

ಮಾಸ್ತರು ಯೋಚಿಸಿದರು. "ತಲಿಮ್ಯಾಗ ಹೊರಸೂದು ಯಾವಾಗಿದ್ರೂ ಇನ್ನೊಬ್ಬರ ಕೆಲಸಾನೇ. ನಡೀತದ. ಹೊರೂದು ಮಾತ್ರ ಒಬ್ಬಾಕೀದೇ."

ಅವ್ವ ಮೊಣಕಾಲು ಬಗ್ಗಿಸಿ ಕಾದಳು. ಬೇರೆಯವರು ಮುಂದೆ ಬಂದರೂ ಅವರ ಕಡೆ ನೋಡಲಿಲ್ಲ. ಕೈ ಜಾರಿತು ಅಂತ ನಾನು ಬ್ಯಾಗನ್ನು ಕೆಡವಬಹುದಿತ್ತು. ಎಣ್ಣೆಯ ಬಾಟಲಿ ಒಡೆಯುತ್ತಿತ್ತು, ಅಂದಿನ ಮಟ್ಟಿಗೆ ಎಲ್ಲವೂ ಮುಗಿಯುತ್ತಿತ್ತು. ಕೆಡವಲಿಲ್ಲ. ತೊಡೆಗೆ ಆನಿಸಿ, ಎದೆಗೆ ತಂದು, ಉಸಿರು ಬಿಗಿಹಿಡಿದು ಅವಳ ತಲೆಯ ಮೇಲೆ ಇಟ್ಟೆ. ಅವಳ ಕುತ್ತಿಗೆ ಒಮ್ಮೆ ಅಲುಗಿ ನೆಟ್ಟಗಾಯಿತು.

ಅವಳು ಹತ್ತಿದಳು. ಅವಸರ ಮಾಡಲಿಲ್ಲ, ನಿಲ್ಲಲೂ ಇಲ್ಲ. ಮೇಲೆ ಸೇತುವೆಯುದ್ದಕ್ಕೂ ಅವಳ ಬ್ಯಾಗು ಮಾತ್ರ ಕಾಣುತ್ತಿತ್ತು. ಆಚೆ ಮೆಟ್ಟಿಲು ಇಳಿದು ಪ್ಲಾಟ್‌ಫಾರ್ಮಿನಲ್ಲಿ ನಿಂತಳು. ಇಳಿಸಲು ಬಂದವರಿಗೆ, "ಬ್ಯಾಡ್ರಿ, ನನ್ನ ಮಗಳು ಬರ್ಲಿಕತ್ತಾಳ" ಅಂದದ್ದು ನನಗೆ ಸೇತುವೆಯ ಮೇಲೆ ಓಡುವಾಗ ಕೇಳಿಸಿತು. ಬರಿಗೈಯಲ್ಲಿ ಹತ್ತಿದ ನನಗೇ ತೇಕು ಬಂದಿತ್ತು.

ಬ್ಯಾಗು ಇಳಿಸಿದೆ. ಅವ್ವ ಕಲ್ಲಿನ ಬೆಂಚಿಗೆ ಕುಸಿದಳು. ಎದೆಯ ಸಿಳ್ಳೆ ನಿಲ್ಲುತ್ತಲೇ ಇರಲಿಲ್ಲ. ದಮ್ಮಿನ ಔಷಧದ ಪಂಪು ಬಾಯಿಗಿಟ್ಟು ಎರಡು ಸಲ ಎಳೆದಳು. ನನಗೆ ಹೆದರಿಕೆಯಾಯಿತು, ನನ್ನ ಮೇಲೆ ಹೇಸಿಗೆಯೂ ಆಯಿತು. ಆಚೆಯಿಂದ ಮಾಸ್ತರು ಪಟ್ಟಿ ಎತ್ತಿ ತೋರಿಸಿ ಅವಳ ಹೆಸರಿಗೆ ಗುರುತು ಹಾಕಿದರು.

ಉಸಿರು ತಿರುಗಿದ ಮೇಲೆ ಅವಳು ಕೇಳಿದಳು. "ಏನೇನು ತುಂಬೀದಿ?"

"ಅಲ್ಲಿ ಥಂಡಿ ಭಾಳ ಇರ್ತದವ್ವ."

"ಥಂಡಿಗಿ ಎಷ್ಟು ಬೇಕು ನಂಗ ಗೊತ್ತದ. ಉಳದದ್ದು ಯಾವುದಕ್ಕ?"

ನಾನು ಬ್ಯಾಗಿನ ಹಿಡಿಕೆಯನ್ನು ನೆಟ್ಟಗೆ ಮಾಡತೊಡಗಿದೆ.

"ಮನ್ಯಾಗ ಒಬ್ಬಾಕೀನೇ ಇರಾಕ ಅಂಜ್ತಿ" ಅಂದಳು.

ಅವಳ ಎದೆಯ ಚಿಂತೆ ಅಂತ ನಾನು ಎಲ್ಲರಿಗೂ ಹೇಳಿದ್ದೆ, ನನಗೂ ಹೇಳಿಕೊಂಡಿದ್ದೆ. ಅದು ಸುಳ್ಳಾಗಿರಲಿಲ್ಲ. ಆದರೆ ಶಾಲೆ ಬಿಟ್ಟು ಬಂದು ಬೀಗ ತೆಗೆದು ಒಳಗೆ ಹೋಗುವ ಹದಿನೈದು ಸಂಜೆಗಳನ್ನು ನಾನು ಆಗಲೇ ಒಂದೊಂದಾಗಿ ಎಣಿಸಿದ್ದೆ. ಹುಟ್ಟಿದಾಗಿನಿಂದ ಅವ್ವ ಇಲ್ಲದ ಮನೆಯಲ್ಲಿ ನಾನು ಒಂದು ರಾತ್ರಿಯೂ ಮಲಗಿರಲಿಲ್ಲ.

"ಈ ಸಲ ನಾ ಹದಿನೈದು ದಿನಕ್ಕ ತಿರುಗಿ ಬರ್ತೀನಿ" ಅಂದಳು ಅವ್ವ, ಮಫ್ಲರು ಬಿಡಿಸಿ ತೊಡೆಯ ಮೇಲೆ ಸವರುತ್ತಾ. "ಬರಲಾರದಂಗ ಹೋಗೂದೂ ಒಂದಿನ ಅದ. ಅದರಕಿಂತ ಮೊದಲ ರೂಢಿ ಮಾಡ್ಕೋ."

ಆಯ್ತು ಅಂದೆ. ಅಲ್ಲೇ ಪ್ಲಾಟ್‌ಫಾರ್ಮಿನ ಮೇಲೆ ಕುಕ್ಕರಗಾಲಲ್ಲಿ ಕೂತು ಜಿಪ್ಪು ತೆಗೆದು, ನಾನು ನನಗಾಗಿ ತುಂಬಿದ್ದನ್ನೆಲ್ಲ ಒಂದೊಂದಾಗಿ ಹೊರಗಿಟ್ಟೆ.