ಬಿಗಿಯದೆ ಉಳಿದ ಬೋಲ್ಟುಗಳು

ಹಳೆಯ ಮದ್ರಾಸು ರಸ್ತೆಯ ನಡುವೆ ಮೆಟ್ರೊ ಕಂಬಗಳು ಏಳುವ ಮೊದಲು, ಹಲಸೂರಿನ ನಮ್ಮ ಬೀದಿಯಲ್ಲಿ ನಿಂತರೆ ಬೆಳಗಿನ ಬಿಸಿಲು ನೇರವಾಗಿ ಮುಖಕ್ಕೆ ಬೀಳುತ್ತಿದ್ದ ಕಾಲವೊಂದಿತ್ತು. ಆ ಕಾಲದಲ್ಲಿ ಬೆಳೆದವರಿಗೆ ನವರಾತ್ರಿಯೆಂದರೆ ಬೊಂಬೆಗಳ ಸಾಲು, ಕಡಲೆಪುರಿ, ಬೆಲ್ಲ ಕಾಯಿಸುವ ಪರಿಮಳ ನೆನಪಾಗಬಹುದು. ನನಗೆ ನೆನಪಾಗುವುದು ಸೀಮೆಎಣ್ಣೆಯ ವಾಸನೆ.

ತಾತ ಬಿಟ್ಟುಹೋದ ಲಾರಿಯೊಂದು ನಮ್ಮ ವಠಾರದ ಮುಂದಿನ ಖಾಲಿ ಜಾಗದಲ್ಲಿ ನಿಲ್ಲುತ್ತಿತ್ತು. ಅದರ ಕಾಗದಪತ್ರಗಳು ದೊಡ್ಡಪ್ಪ ಮುನಿಯಪ್ಪನವರ ಹೆಸರಿನಲ್ಲಿದ್ದವು. ಅದನ್ನು ಓಡಿಸುವುದು, ತೊಳೆಯುವುದು, ಕೆಟ್ಟಾಗ ಅದರ ಕೆಳಗೆ ಗೋಣಿ ಹಾಸಿ ಮಲಗುವುದು ನನ್ನ ಅಪ್ಪ ನಂಜುಂಡಪ್ಪನವರ ಪಾಲು. ಈ ಹಂಚಿಕೆ ಯಾವ ನ್ಯಾಯದ್ದೆಂದು ನನಗೆ ಇಂದಿಗೂ ತಿಳಿಯದು. ಎರಡು ಸಂಸಾರಗಳ ಅನ್ನ ಮಾತ್ರ ಆ ಒಂದೇ ಲಾರಿಯಿಂದ ಬರುತ್ತಿತ್ತು.

ಆ ವರ್ಷ ಮಹಾಲಯ ಅಮಾವಾಸ್ಯೆ ಕಳೆಯುತ್ತಿದ್ದಂತೆ ಎಂಜಿನ್ನಿನ ತಳದಲ್ಲಿರುವ ಎಣ್ಣೆಯ ತೊಟ್ಟಿ ಸೋರತೊಡಗಿತು. ಲಾರಿಯವರು ಅದನ್ನು ಆಯಿಲ್ ಚೇಂಬರ್ ಎನ್ನುತ್ತಾರೆ. ನಾನು ನೆಲದ ಮೇಲೆ ಗೀಚಿದ ಕುಂಟೆಬಿಲ್ಲೆಯ ಮನೆಗಳೊಳಗೆ ಕಪ್ಪು ಎಣ್ಣೆ ಹರಿದು, ಆಟ ನಿಂತಿತು. ಹೂ ಮಾರುವ ಕಣ್ಣಮ್ಮ ದಾಟಿ ಹೋಗುವಾಗ ಸೀರೆಯ ಅಂಚನ್ನು ಮೇಲೆತ್ತಿ, “ಏನಪ್ಪಾ ನಂಜುಂಡ, ನಿನ್ ಲಾರಿಗೆ ಇನ್ನೂ ಚಡ್ಡಿ ಹಾಕೋದು ಕಲಿಸಿಲ್ವಾ? ನಿಂತ್ಕಡೆ ಮಾಡ್ಕೊತದೆ” ಎಂದಳು. ಅಪ್ಪ ನಕ್ಕರು. ದೊಡ್ಡಪ್ಪ ನಗಲಿಲ್ಲ. ತಾವೇ ಹೋಗಿ, ಸ್ಪ್ಯಾನರಿನ ಹಿಡಿಗೆ ಉದ್ದನೆಯ ಕೊಳವೆ ತೂರಿಸಿ, ಬಲವೆಲ್ಲ ಹಾಕಿ ಚೇಂಬರಿನ ಬೋಲ್ಟುಗಳನ್ನು ತಿರುವಿದರು. ಮರುದಿನ ಸೋರಿಕೆ ಇಮ್ಮಡಿಯಾಗಿತ್ತು.

ಆಯುಧಪೂಜೆಯ ಹಿಂದಿನ ದಿನ ಅಪ್ಪ ಲಾರಿಯ ಕೆಳಗೆ ಸೇರಿದರು. ಎಣ್ಣೆಯನ್ನು ಬೋಗುಣಿಗೆ ಇಳಿಸಿ, ಚೇಂಬರನ್ನು ಬಿಚ್ಚಿ ಹೊರಗೆಳೆದು, ಸೀಮೆಎಣ್ಣೆಯಲ್ಲಿ ತೊಳೆದರು. ಅಮ್ಮನೊಡನೆ ಜಗಲಿಯ ಮೇಲೆ ಸೇವಂತಿಗೆ ಕಟ್ಟುತ್ತ ನಾನು ನೋಡುತ್ತಿದ್ದೆ. ಬೋಲ್ಟು ಕೂರುವ ಅಂಚೆಲ್ಲ ಅಲ್ಲಲ್ಲಿ ಗುಳಿಬಿದ್ದು ಅಲೆಅಲೆಯಾಗಿತ್ತು. ಅಪ್ಪ ಅದನ್ನು ಮರದ ತುಂಡಿನ ಮೇಲಿಟ್ಟು, ಸಣ್ಣ ಸುತ್ತಿಗೆಯಿಂದ ಮೆಲ್ಲಗೆ ತಟ್ಟಿ ಮಟ್ಟ ಮಾಡಿದರು.

“ಯಾಕಪ್ಪಾ ಹಂಗಾಯ್ತು?” ಎಂದೆ.

“ಜೋರಾಗಿ ಬಿಗಿದ್ರೆ ನಿಲ್ತದೆ ಅಂದ್ಕೊಂಡ್ರು ನಿಮ್ ದೊಡ್ಡಪ್ಪ. ತಗಡು ಬಗ್ಗೋಯ್ತು. ಇದಕ್ಕೆ ಶಕ್ತಿ ಬೇಡಮ್ಮ, ತಾಳ್ಮೆ ಬೇಕು.”

ಅಂಚಿನ ನಡುವೆ ಕೂರುವ ಹೊಸ ಕಾರ್ಕ್ ಪ್ಯಾಕಿಂಗಿಗೆ ಅಂಟು ಸವರಿ, ಚೇಂಬರನ್ನು ಮೇಲೆತ್ತಿ ಕೂರಿಸಿ, ಬೋಲ್ಟುಗಳನ್ನು ಬೆರಳಿನಲ್ಲೇ ತಿರುಗಿಸಿ ನಿಲ್ಲಿಸಿದರು. ಮುಗಿಯಿತೆಂದುಕೊಂಡೆ. “ಅಂಟು ಒಣಗ್ಬೇಕು. ಬೆಳಗ್ಗೆ ಎಂಜಿನ್ ಒಂಚೂರು ಬಿಸಿ ಮಾಡಿ, ಸ್ಪ್ಯಾನರ್‌ನಲ್ಲಿ ಒಂದೊಂದೇ ಬಿಗಿದ್ರೆ ಆಮೇಲೆ ಹನೀನೂ ಸೋರಲ್ಲ” ಎಂದು ಹೊಸ ಎಣ್ಣೆ ತುಂಬಿ ಕೈ ಒರೆಸಿಕೊಂಡರು.

ಬೆಳಗ್ಗೆ ನಾವು ಏಳುವ ಮೊದಲೇ ದೊಡ್ಡಪ್ಪ ಸ್ನಾನ ಮುಗಿಸಿದ್ದರು. ಅಪ್ಪನ ಸ್ಪ್ಯಾನರು, ಸುತ್ತಿಗೆ, ಸ್ಕ್ರೂಡ್ರೈವರುಗಳನ್ನೆಲ್ಲ ತೊಳೆದು, ಮಣೆಯ ಮೇಲೆ ಜೋಡಿಸಿ, ವಿಭೂತಿ ಕುಂಕುಮ ಹಚ್ಚಿ ಹೂವಿಟ್ಟಾಗಿತ್ತು. ನಮ್ಮಲ್ಲಿ ಪೂಜೆಗಿಟ್ಟ ಆಯುಧವನ್ನು ಮರುದಿನದ ಪೂಜೆಯಾಗುವವರೆಗೆ ಯಾರೂ ಮುಟ್ಟುವಂತಿಲ್ಲ.

“ಅಣ್ಣ, ಆ ಚಿಕ್ಕ ಸ್ಪ್ಯಾನರ್ ಒಂದು ಕೊಟ್ಬಿಡು. ಚೇಂಬರ್ ಬಿಗಿ ಮಾಡಿ ತಂದಿಡ್ತೀನಿ.”

“ದೇವರ ಮುಂದೆ ಇಟ್ಟಿದ್ನ ಎತ್ತಬೇಕಾ? ನಿನ್ನೆ ಇಡೀ ದಿನ ಏನ್ ಕಡಿತಿದ್ದೆ?”

“ನಿನ್ನೆ ಬಿಗಿಯಂಗಿರ್ಲಿಲ್ಲ ಅಣ್ಣ. ಸರಿ ಬಿಡು, ನಾಳೆ ಮಾಡ್ತೀನಿ. ಅಲ್ಲೀವರ್ಗೂ ಗಾಡಿ ತೆಗೀಬೇಡ. ನಿಂಬೆಹಣ್ಣಿನ ಮೇಲೆ ಹತ್ತಿಸಿ ಇಳಿಸೋದಷ್ಟೇ.”

“ಆಯ್ತಾಯ್ತು” ಎಂದರು ದೊಡ್ಡಪ್ಪ. ಆ ಮಾತನ್ನು ನಾನು ಎರಡು ಮಾರು ದೂರದಲ್ಲಿ ನಿಂತು ಕೇಳಿದ್ದೇನೆ.

ಬಾಳೆಕಂದು ಕಟ್ಟಿ, ಬೂದುಗುಂಬಳ ಒಡೆದು, ಪೂಜೆ ಸಾಂಗವಾಗಿ ನಡೆಯಿತು. ಅನಂತರ ದೊಡ್ಡಪ್ಪ ಅಪ್ಪನನ್ನು ಸಿಹಿ ತರಲೆಂದು ಶಿವಾಜಿನಗರಕ್ಕೆ ಕಳುಹಿಸಿದರು. ಅಪ್ಪನ ಬೆನ್ನು ಮರೆಯಾಗುತ್ತಿದ್ದಂತೆ ದೊಡ್ಡಮ್ಮ ರೇಷ್ಮೆ ಸೀರೆಯುಟ್ಟು ಹೊರಗೆ ಬಂದರು. ಹೊಸಕೋಟೆಯಾಚೆ ಅವರ ತವರು. ಸಿಂಗರಿಸಿದ ಲಾರಿಯನ್ನು ಅಲ್ಲಿಯವರಿಗೆ ತೋರಿಸಬೇಕಿತ್ತು. ದೊಡ್ಡಪ್ಪ ಲಾರಿ ಹತ್ತಿದರು. ನಾನು ಓಡಿಹೋಗಿ ಅದರ ಬಾಗಿಲ ಬಳಿ ನಿಂತೆ.

“ದೊಡ್ಡಪ್ಪ, ಅಪ್ಪ ತೆಗೀಬೇಡಿ ಅಂದಿದ್ದಾರೆ. ಬೋಲ್ಟು ಇನ್ನೂ ಬಿಗಿದಿಲ್ಲ.”

ಅವರು ಸ್ಟಿಯರಿಂಗಿನ ಹಿಂದಿನಿಂದ ನನ್ನನ್ನು ನೋಡಿ, “ನೋಡೇ ಇವಳನ್ನ, ಮೇಸ್ತ್ರಿ ಬಂದ್ಬಿಟ್ಳು. ಹೋಗು, ಹೋಗಿ ಪಾತ್ರೆ ತೊಳಿ” ಎಂದರು. ದೊಡ್ಡಮ್ಮ ಬಾಯಿಗೆ ಸೆರಗು ಹಿಡಿದು ನಕ್ಕರು. ಅಷ್ಟು ಹೊತ್ತಿಗೆ ಅಮ್ಮ ಹಿತ್ತಲಿನಿಂದ ಬಂದರೂ ಭಾವನಿಗೆ ಎದುರಾಡುವ ರೂಢಿ ಅವಳಿಗಿರಲಿಲ್ಲ. ಲಾರಿ ತಿರುವಿನಲ್ಲಿ ಮರೆಯಾಯಿತು.

ಅಂದು ಅವರು ಮರಳಲಿಲ್ಲ. ಮರುದಿನ, ವಿಜಯದಶಮಿಯಂದು, ಬಾಡಿದ ಬಾಳೆಕಂದುಗಳ ಸಮೇತ ಲಾರಿಯನ್ನು ಇನ್ನೊಂದು ಲಾರಿಗೆ ಹಗ್ಗ ಕಟ್ಟಿ ಎಳೆದು ತಂದರು. ದಾರಿಯುದ್ದಕ್ಕೂ ಎಣ್ಣೆ ಸುರಿದುಹೋಗಿತ್ತು. ಎಣ್ಣೆ ಮೀಟರಿನ ಮುಳ್ಳು ಕೆಳಗಿಳಿದದ್ದನ್ನು ಕಂಡರೂ ಮೀಟರೇ ಕೆಟ್ಟಿದೆಯೆಂದುಕೊಂಡು ದೊಡ್ಡಪ್ಪ ಓಡಿಸಿದ್ದರು. ಎಂಜಿನ್ ಒಳಗೊಳಗೇ ಕಾದು ಕಚ್ಚಿಕೊಂಡು, ಇನ್ನು ತಿರುಗದಂತಾಗಿತ್ತು.

ವಠಾರದವರೆಲ್ಲ ಸೇರಿದ್ದರು. ದೊಡ್ಡಪ್ಪ ಬಗ್ಗಿ, ಲಾರಿಯ ಕೆಳಗೆ ಕೈಚಾಚಿ, ಒಂದು ಬೋಲ್ಟನ್ನು ಬೆರಳಿನಲ್ಲೇ ತಿರುಗಿಸಿ ತೋರಿಸಿದರು.

“ನೋಡ್ರಪ್ಪ, ಕೈಯಲ್ಲೇ ತಿರುಗ್ತದೆ. ಇದು ಇವನು ಮಾಡಿರೋ ಕೆಲಸ. ಏನ್ಲಾ, ಬಿಗಿದಿದ್ದೆಯೇನ್ಲಾ?”

“ಇಲ್ಲ ಅಣ್ಣ” ಎಂದರು ಅಪ್ಪ. “ಬಿಗಿದಿರ್ಲಿಲ್ಲ.”

ಅಷ್ಟೇ. ಮುಂದಿನ ಮಾತಿಗಾಗಿ ನಾನು ಕಾದೆ. ಸ್ಪ್ಯಾನರ್ ಕೇಳಿದ್ದು, ಗಾಡಿ ತೆಗೆಯಬೇಡವೆಂದದ್ದು, ಒಂದನ್ನೂ ಅವರು ಹೇಳಲಿಲ್ಲ. ಊರ ಜನರ ಎದುರು ಅಣ್ಣನನ್ನು ಸುಳ್ಳುಗಾರನನ್ನಾಗಿ ಮಾಡುವುದು ಅವರಿಂದಾಗಲಿಲ್ಲ. ನಾನು ಬಾಯಿ ತೆರೆದೆ. “ನೀನು ಒಳಗೆ ಹೋಗಮ್ಮ” ಎಂದರು ಅಪ್ಪ. ಅಮ್ಮ ನನ್ನ ರಟ್ಟೆ ಹಿಡಿದು ಎಳೆದುಕೊಂಡು ಹೋದಳು. ಕಣ್ಣಮ್ಮ ಒಬ್ಬಳೇ, “ಪಾಪ, ಕೆಲಸ ಗೊತ್ತಿದ್ದೋನು” ಎಂದಳು.

ಹೊಸ ಎಂಜಿನ್ನಿಗೆ ಹಣವಿಲ್ಲದೆ ಲಾರಿ ಗುಜರಿಗೆ ಹೋಯಿತು. ಅಪ್ಪ ಟಿನ್ ಫ್ಯಾಕ್ಟರಿಯ ಬಳಿಯ ಗೋದಾಮೊಂದರಲ್ಲಿ ಕಾವಲಿಗೆ ಸೇರಿದರು. ಬೇರೆಯವರ ಲಾರಿ ಓಡಿಸಲು ಕರೆದವರಿದ್ದರು. ಅಪ್ಪ ಒಪ್ಪಲಿಲ್ಲ. ಆದರೂ ಪ್ರತಿ ಯುಗಾದಿಗೆ ಹೋಗಿ ಅಣ್ಣನ ಕಾಲಿಗೆರಗಿ ಬರುತ್ತಿದ್ದರು. ನಾನು ಎರಗಲಿಲ್ಲ. ಒಮ್ಮೆಯೂ ಇಲ್ಲ.

ಹೋದ ವರ್ಷ ಕೆ.ಆರ್. ಪುರದಲ್ಲಿ ನಂಟರ ಮದುವೆ. ದೊಡ್ಡಪ್ಪನ ಮಗ ಸುರೇಶ ಊಟದ ಪಂಕ್ತಿಯಲ್ಲಿ ಹೊಸ ನಂಟರೊಡನೆ ನಗುನಗುತ್ತ, “ನಮ್ ಚಿಕ್ಕಪ್ಪ ಅವತ್ತು ಬೋಲ್ಟು ಬಿಗಿ ಮಾಡಿದ್ದಿದ್ರೆ ನಾವೂ ಟ್ರಾನ್ಸ್‌ಪೋರ್ಟ್ ಕಂಪನಿ ಇಟ್ಟಿರ್ತಿದ್ವಿ” ಎಂದ. ನಾನು ಎದ್ದುನಿಂತು, ಮೊದಲಿನಿಂದ ಕೊನೆಯವರೆಗೆ, ಯಾರು ಯಾವ ಮಾತನ್ನು ಎಲ್ಲಿ ನಿಂತು ಆಡಿದರೆಂದು ಕ್ರಮವಾಗಿ ಹೇಳಿದೆ. “ಬಿಡಕ್ಕ, ಅವರಿಬ್ರೂ ಹೋಗಿ ಎಷ್ಟು ಕಾಲ ಆಯ್ತು. ಹೋಳಿಗೆ ಆರ್ತದೆ, ತಿನ್ನು” ಎಂದ ಸುರೇಶ.

ಈಗ ಆ ಖಾಲಿ ಜಾಗವಿಲ್ಲ, ವಠಾರವಿಲ್ಲ, ದೊಡ್ಡಪ್ಪನ ಮನೆಗೂ ನಮಗೂ ಮದುವೆಯ ಕರೆಯೋಲೆಯ ಆಚೆಗೆ ಬಳಕೆಯಿಲ್ಲ. ಅವುಗಳ ನಷ್ಟವನ್ನು ನಾನು ಹೇಗೋ ಸಹಿಸಿದ್ದೇನೆ. ಸಹಿಸಲಾಗದ್ದು ಬೇರೆ. ನನ್ನ ಮದುವೆಯಾದ ಮೇಲೆ ಅಪ್ಪ ಸಿ.ವಿ. ರಾಮನ್ ನಗರದ ನಮ್ಮ ಮನೆಗೆ ಬಂದು ಕೆಲವು ದಿನ ಇದ್ದರು. ಅಡುಗೆಮನೆಯ ಕೊಳಾಯಿ ತೊಟ್ಟಿಕ್ಕುತ್ತಿತ್ತು. ಒಳಗಿನ ವಾಷರು ಬದಲಿಸಿದರೆ ಮುಗಿಯುವ ಕೆಲಸ. ನಾನು ವಾಷರನ್ನೂ ಸ್ಪ್ಯಾನರನ್ನೂ ತಂದು ಅವರ ಮುಂದಿಟ್ಟೆ. ಅಪ್ಪ ಎರಡೂ ಕೈಗಳನ್ನು ಮಡಿಲಲ್ಲಿಟ್ಟುಕೊಂಡು, “ಯಾರಾದ್ರೂ ಗೊತ್ತಿರೋರನ್ನ ಕರೆಸಮ್ಮ” ಎಂದರು.