ಅಕ್ಕಡಿ ಸಾಲಿನ ದೊಡ್ಡವ್ವ

ಮೊನ್ನೆ ಹಾವೇರಿಯಲ್ಲಿ ಗೆಳತಿಯ ಮನೆಯ ಮೆಟ್ಟಿಲು ಹತ್ತುವಾಗ ಅಲಸಂದಿ ಬೇಯುವ ವಾಸನೆ ಬಂತು. ಒಗ್ಗರಣೆ ಇನ್ನೂ ಬಿದ್ದಿರಲಿಲ್ಲ, ಬರೀ ಕಾಳಿನ ವಾಸನೆ. ಒಳಗೆ ಹೋಗಲು ಮನಸ್ಸಾಗದೆ ಸ್ವಲ್ಪ ಹೊತ್ತು ಅಲ್ಲೇ ನಿಂತೆ...

ಹಲಗೇರಿಯಲ್ಲಿ ನಮ್ಮ ಪಕ್ಕದ ಮನೆಯಾಕೆಯನ್ನು ಓಣಿಯವರೆಲ್ಲ ದೊಡ್ಡವ್ವ ಎನ್ನುತ್ತಿದ್ದೆವು. ಮನೆಯಲ್ಲಿದ್ದರೆ ಅವಳ ಗೊಣಗಾಟ ನಿಲ್ಲುತ್ತಿರಲಿಲ್ಲ. ಸೊಸೆ ರೊಟ್ಟಿ ದಪ್ಪ ಬಡಿದಳು, ನಾನು ಚಪ್ಪಲಿ ಕಂಡಲ್ಲಿ ಬಿಟ್ಟೆ... ಬಿತ್ತನೆಯ ದಿನ ಮಾತ್ರ ತುಟಿ ಬಿಚ್ಚುತ್ತಿರಲಿಲ್ಲ. ಮಗ ಕೂರಿಗೆಯಲ್ಲಿ ಜೋಳ ಬಿತ್ತುತ್ತ ನಡುನಡುವೆ ಒಂದೊಂದು ಸಾಲು ಬಿಡುತ್ತಿದ್ದ. ಅದು ಅಕ್ಕಡಿ ಸಾಲು. ಅದರಲ್ಲಿ ಅಲಸಂದಿಯೋ ಹೆಸರೋ ಪುಂಡಿಯೋ, ಏನು ಹಾಕಬೇಕೆಂಬುದು ದೊಡ್ಡವ್ವನ ಇಷ್ಟ. ಉಡಿಯಲ್ಲಿ ಬೀಜ ಕಟ್ಟಿಕೊಂಡು ಹಿಂದೆಯೇ ನಡೆಯುತ್ತಿದ್ದಳು. ಅಷ್ಟು ದೊಡ್ಡ ಹೊಲದಲ್ಲಿ ತನ್ನದು ಅನ್ನಲು ಅವಳಿಗೆ ಇದ್ದದ್ದು ಅಷ್ಟೇ. ನಮ್ಮ ಮನೆಯ ಪಲ್ಯವೂ ಎಷ್ಟೋ ದಿನ ಅದರಿಂದಲೇ ನಡೆಯುತ್ತಿತ್ತು.

ಎರಡು ಸಾವಿರದ ಇಸವಿಯಿಂದೀಚೆಗೆ ನಮ್ಮ ಕಡೆ ಒಬ್ಬೊಬ್ಬರಾಗಿ ಜೋಳ ಬಿಟ್ಟು ಗೋವಿನಜೋಳಕ್ಕೆ ಬಿದ್ದರು. ಅವಳ ಮಗನೂ ಬಿದ್ದ. ಕೆಟ್ಟವನೇನಲ್ಲ, ತಾಯಿಯ ಎದುರು ದನಿ ಏರಿಸಿದ್ದನ್ನು ನಾನು ಕೇಳಿಲ್ಲ.

"ಕಸಕ್ಕ ಎಣ್ಣಿ ಹೊಡಿಯೋದೈತಿ ಯವ್ವಾ. ನಿನ್ನ ಕಾಳು ಉಳಿಯಂಗಿಲ್ಲ, ಬಿತ್ತಬ್ಯಾಡ," ಎಂದ.

ಅವಳು ಕೇಳಲಿಲ್ಲ. ಬದುವಿನ ಗುಂಟ ಬಿತ್ತಿಯೇ ಬಿಟ್ಟಳು. ಎರಡೆಲೆ ಒಡೆಯುವಷ್ಟರಲ್ಲಿ ಕಳೆನಾಶಕ ಬಿತ್ತು. ಕಸದ ಜೊತೆ ಅವೂ ಹಳದಿಯಾಗಿ ಒರಗಿದವು. ಮರುವರ್ಷ ಒಂದು ಮೂಲೆಯಾದರೂ ಬಿಡು ಎಂದು ಮಗನನ್ನು ಕೇಳಿದಳು. ಮುಂದಿನ ವರ್ಷ ನೋಡೋಣ ಎಂದ.

ಆ ಮಳೆಗಾಲದಲ್ಲೇ ಒಂದು ದಿನ ಓಣಿಯವರನ್ನೆಲ್ಲ ಕರೆದು ಅಲಸಂದಿ ಗುಗ್ಗರಿ ಹಂಚಿದಳು. ಹಬ್ಬವಿರಲಿಲ್ಲ, ಹರಕೆಯೂ ಇರಲಿಲ್ಲ. ಎಲ್ಲರೂ ಬಾಯಿ ಚಪ್ಪರಿಸಿ ತಿಂದೆವು. ನಾನು ಎರಡು ಸಲ ಹಾಕಿಸಿಕೊಂಡೆ.

ಕೆಲವು ದಿನಗಳ ಬಳಿಕ, ಹಿತ್ತಲಲ್ಲಿ ಹಾಕಲು ಒಂದು ಹಿಡಿ ಬೀಜ ಕೇಳಿ ಬಾ ಎಂದು ಅವ್ವ ನನ್ನನ್ನು ಕಳಿಸಿದಳು. ಬೂದಿ ಕಲಸಿ ಬೀಜ ಇಡುತ್ತಿದ್ದ ಗಡಿಗೆ ಅಂಗಳದಲ್ಲಿ ಬೋರಲು ಬಿದ್ದಿತ್ತು.

"ಬೀಜ ಎಲ್ಲಿಂದ ತರ್ಲಿ ತಂಗಿ? ಇನ್ನೊಂದು ವರ್ಷ ಇಟ್ರ ಹುಟ್ಟಂಗಿಲ್ಲ. ಹುಳಾ ತಿನ್ನೂದಕ್ಕಿಂತ ನೀವರ ತಿನ್ರಿ ಅಂತ ಎಲ್ಲಾ ಕುದಿಸಿಬಿಟ್ಟೆ."

ಗೊಣಗದೆ ಹೇಳಿದಳು. ಅದಕ್ಕೇ ನನಗೆ ಹೆದರಿಕೆಯಾಯಿತು.

ದೊಡ್ಡವ್ವ ತೀರಿಕೊಂಡು ಬಹಳ ವರ್ಷಗಳಾದವು. ಮೊನ್ನೆ ಗೆಳತಿ ಬಡಿಸಿದ್ದು ಪ್ಯಾಕೆಟ್ಟಿನ ಅಲಸಂದಿ, ದಪ್ಪ ಕಾಳು, ಚೆನ್ನಾಗಿಯೇ ಬೆಂದಿತ್ತು. ದೊಡ್ಡವ್ವನದು ಸಣ್ಣದು, ಕೆಂಪಗಿತ್ತು... ಸಿಕ್ಕೀತೆಂದು ಊರಲ್ಲಿ ಬಹಳ ಕೇಳಿದೆ. ಅದನ್ನು ತಿಂದವರು ಓಣಿಯಲ್ಲಿ ಇನ್ನೂ ಕೆಲವರಿದ್ದೇವೆ. ಬಿತ್ತಲು ಒಂದು ಕಾಳೂ ಇಲ್ಲ.