ಆರನೇ ನಂಬರಿನ ಮೂಗು

ಬೆಳಗಿನ ಹತ್ತು ಗಂಟೆ ನಲವತ್ತೆರಡು ನಿಮಿಷಕ್ಕೆ ಜಲಜಾ ಹದಿನೆಂಟನೆಯ ಬಾಟಲಿಯ ಮುಚ್ಚಳ ತೆಗೆದು, ಅದನ್ನು ಮೂಗಿನಿಂದ ನಾಲ್ಕು ಬೆರಳು ದೂರ ಹಿಡಿದು, ಎರಡು ಸಲ ಸಣ್ಣಗೆ ಉಸಿರೆಳೆದುಕೊಂಡರು. ಒಳಗಿದ್ದದ್ದು ಎರಡು ಚಮಚ ಟೀ ಪುಡಿ. ಆ ಟೀ ಪುಡಿಯ ಹಿಂದೆ, ಮುಚ್ಚಿದ ಬಾಗಿಲಿನಾಚೆ ಯಾರೋ ಒಗ್ಗರಣೆ ಹಾಕಿದ ಹಾಗೆ, ಇಂಗು ಇತ್ತು. ಹಾಳೆಯಲ್ಲಿ ಆ ಬಾಟಲಿಯ ಸಂಖ್ಯೆಗೆ ಸುತ್ತು ಹಾಕಿ ಪೆನ್ಸಿಲ್ ಕೆಳಗಿಟ್ಟರು.

ಅದು ಮೇ ಇಪ್ಪತ್ತಮೂರು, ಶುಕ್ರವಾರ. ಪೆರುಂಗುಡಿಯ ಒಂದು ಕಟ್ಟಡದ ಮೂರನೆಯ ಮಹಡಿಯಲ್ಲಿ ನಡೆಯುತ್ತಿದ್ದ ಪರೀಕ್ಷೆಗೆ ಮೂವತ್ತೊಂದನೆಯ ದಿನ. ಎಂಟು ಸಣ್ಣ ಗೂಡುಗಳಿರುವ ಬಿಳಿ ಕೋಣೆ, ಗೂಡಿಗೊಬ್ಬರಂತೆ ಎಂಟು ಜನ, ಒಬ್ಬೊಬ್ಬರ ಕೊರಳಲ್ಲೂ ಒಂದು ನಂಬರು. ಜಲಜಾ ಆರನೇ ನಂಬರು. ಮುಗಿದ ಮೇಲೆ ಎಲ್ಲರಿಗೂ ಕಾಫಿ, ಒಂದು ಬಿಸ್ಕತ್ತಿನ ಪೊಟ್ಟಣ ಕೊಡುತ್ತಿದ್ದರು. ಆ ದಿನ ಜಲಜಾ ಕಾಫಿ ಬೇಡವೆಂದರು. ಪೊಟ್ಟಣವನ್ನು ಕೈಚೀಲದೊಳಗೆ ಹಾಕಿಕೊಂಡು ಟಿ. ನಗರದ ಬಸ್ಸು ಹಿಡಿದರು.

ಪರೀಕ್ಷೆಯ ಕಥೆ ಇಷ್ಟು. ವರ್ಷಗಳಿಂದ ಪ್ಲಾಸ್ಟಿಕ್ ಡಬ್ಬಿಯಲ್ಲಿ ಇಂಗು ಮಾರುತ್ತಿದ್ದ ಕಂಪನಿಯೊಂದು ಕಾಗದದ ಡಬ್ಬಿಗೆ ಹೊರಳಲು ಹೊರಟಿತ್ತು. ಖಾಲಿಯಾದ ಮೇಲೆ ಮಣ್ಣಿಗೆ ಹಾಕಿದರೆ ಮಣ್ಣಾಗಬೇಕು ಎಂಬುದು ಅವರ ಆಸೆ. ಸೋಪಿನವರು, ಬಿಸ್ಕತ್ತಿನವರು ಒಬ್ಬೊಬ್ಬರೇ ಕಾಗದದ ಕಡೆ ತಿರುಗುತ್ತಿದ್ದ ಕಾಲ. ಆದರೆ ಸೋಪಿಗೆ ಕಾಗದ ಸುತ್ತಿ ಅಂಗಡಿಗೆಲ್ಲ ಪರಿಮಳ ಹಬ್ಬಿದರೆ ಯಾರೂ ದೂರುವುದಿಲ್ಲ. ಇಂಗು ಹಾಗಲ್ಲ. ಕಿರಾಣಿ ಅಂಗಡಿಯಲ್ಲಿ ಅದರ ಪಕ್ಕಕ್ಕೇ ಟೀ ಪುಡಿ ಇರುತ್ತದೆ, ರವೆ ಇರುತ್ತದೆ. ಟೀ ಪುಡಿ ಯಾರ ವಾಸನೆಯನ್ನಾದರೂ ತನ್ನದೆಂದು ತೆಗೆದುಕೊಳ್ಳುವ ಜಾತಿಯದು.

ಆದ್ದರಿಂದ ಕಾಗದದ ಇಂಗಿನ ಡಬ್ಬಿಯ ಪಕ್ಕದಲ್ಲಿ ಟೀ ಪುಡಿಯನ್ನು ಏಳು ದಿನ ಬೆಚ್ಚನೆಯ ಬೀರುವಿನಲ್ಲಿಟ್ಟು, ಆಮೇಲೆ ಅದನ್ನು ಬಾಟಲಿಗೆ ತುಂಬಿ ಮೂಸಲು ಕೊಡುತ್ತಿದ್ದರು. ಮೂರು ಬಾಟಲಿ ಒಂದು ಗುಂಪು. ಎರಡರಲ್ಲಿ ಶುದ್ಧ ಟೀ, ಒಂದರಲ್ಲಿ ಡಬ್ಬಿಯ ಪಕ್ಕ ಇದ್ದ ಟೀ. ಯಾವುದು ಬೇರೆ ಎಂದು ಗುರುತಿಸಬೇಕು. ಗೊತ್ತಾಗದಿದ್ದರೂ ಒಂದಕ್ಕೆ ಸುತ್ತು ಹಾಕಲೇಬೇಕು. ದಿನಕ್ಕೆ ಆರು ಗುಂಪು, ಹದಿನೆಂಟು ಬಾಟಲಿ. ಏನೂ ತಿಳಿಯದೆ ಸುಮ್ಮನೆ ಸುತ್ತು ಹಾಕಿದವರಿಗೂ ಆರರಲ್ಲಿ ಎರಡು ಸರಿ ಬಂದೇ ಬರುತ್ತವೆ. ಎಲ್ಲರಿಗೂ ಎರಡರ ಆಸುಪಾಸೇ ಬಂದರೆ ವಾಸನೆ ಸೋರುತ್ತಿಲ್ಲ ಎಂದರ್ಥ, ಡಬ್ಬಿ ಪಾಸು.

ಜಲಜಾಗೆ ಐವತ್ತೇಳು ವರ್ಷ. ಮೂರು ತಲೆಮಾರಿನ ಹಿಂದೆ ಮೈಸೂರು ಕಡೆಯಿಂದ ತಮಿಳು ಸೀಮೆಗೆ ಬಂದ ಮನೆತನ. ತಂದೆ ಜೋಲಾರಪೇಟೆಯಲ್ಲಿ ಅಸಿಸ್ಟೆಂಟ್ ಸ್ಟೇಷನ್ ಮಾಸ್ಟರ್. ಕ್ವಾರ್ಟರ್ಸಿನ ಹಿತ್ತಲಿಗೆ ಗೂಡ್ಸ್ ಲೈನು ಅಂಟಿಕೊಂಡಿತ್ತು. ಕಿಟಕಿ ಮುಚ್ಚಿದ್ದರೂ ಹುಡುಗಿ ಹೇಳುತ್ತಿದ್ದಳು: ‘ಈರೋಡಿನ ಅರಿಶಿನ ಬಂತು,’ ‘ಇದು ಆಂಬೂರಿನ ಚರ್ಮ.’ ತಂದೆ ವ್ಯಾಗನ್ನಿನ ಚೀಟಿ ನೋಡಿ ಬಂದು, ಸರಿಯಿದ್ದರೆ ತಲೆಯ ಮೇಲೊಂದು ಮೊಟಕುತ್ತಿದ್ದರು. ಇಪ್ಪತ್ತೊಂದಕ್ಕೆ ರೈಲ್ವೆ ಗಾರ್ಡ್ ಮುರಳೀಧರರ ಜೊತೆ ಮದುವೆ, ಪಶ್ಚಿಮ ಮಾಂಬಲದಲ್ಲಿ ಸಂಸಾರ. ಆಮೇಲಿನ ಮೂವತ್ತಾರು ವರ್ಷ ಆ ಮೂಗಿಗೆ ಹಾಲು ಹುಳಿಯಾಯಿತೇ, ಬೇಳೆ ಸೀಯಿತೇ ಎನ್ನುವುದರಾಚೆ ಕೆಲಸವಿರಲಿಲ್ಲ. ಪಕ್ಕದ ಮನೆಯವರು ತೋರಿಸಿದ ಪ್ರಕಟಣೆ ನೋಡಿ, ಯಾರಿಗೂ ಹೇಳದೆ ಹೋಗಿ, ನಲವತ್ತು ಜನರಲ್ಲಿ ಆಯ್ಕೆಯಾಗಿ ಬಂದಿದ್ದರು. ಕೊರಳಪಟ್ಟಿಯ ಗುರುತಿನ ಚೀಟಿಯನ್ನು ಮನೆಯಲ್ಲಿ ದೇವರ ಮನೆಯ ಪಕ್ಕದ ಮೊಳೆಗೆ ತೂಗುಹಾಕುತ್ತಿದ್ದರು. ತನ್ನ ಹೆಸರು ಅಚ್ಚಾದ ವಸ್ತು, ಮದುವೆಯ ಲಗ್ನಪತ್ರಿಕೆ ಬಿಟ್ಟರೆ, ಅದೊಂದೇ.

ಮುರಳೀಧರರಿಗೆ ಇದೆಲ್ಲ ತಮಾಷೆ. ಸಕ್ಕರೆ ಕಾಯಿಲೆಯ ನೆಪದಲ್ಲಿ ಏಕಾದಶಿ ಉಪವಾಸಕ್ಕೆ ರಜಾ ಹಾಕಿದ್ದ ಅವರಿಗೆ ಹೆಂಡತಿಯ ನಿಯಮವನ್ನು ಕೆಣಕುವುದೆಂದರೆ ಪ್ರೀತಿ. ಪರೀಕ್ಷೆಯ ಮೊದಲ ದಿನವೇ ಏಕಾದಶಿ ಬಿದ್ದಿತ್ತು. ಆ ಸಂಜೆ ಅವರು ಅಂದರು, “ಏನೇ, ಘ್ರಾಣೇನ ಅರ್ಧಭೋಜನಂ ಅಂತ ಹಿರಿಯರು ಹೇಳಿಲ್ವೇ? ಮೂಸಿದರೆ ಅರ್ಧ ಊಟ. ಹದಿನೆಂಟು ಬಾಟಲಿ ಮೂಸಿ ಒಂಬತ್ತು ಊಟ ಹೊಡೆದು ಬಂದಿದೀಯ. ಇದ್ಯಾವ ಸೀಮೆ ಉಪವಾಸ?”

“ಇಂಗು ಇರೋದು ಆರರಲ್ಲಿ ಮಾತ್ರ,” ಅಂದರು ಜಲಜಾ. “ಮೂರೇ ಊಟ. ಸುಮ್ಮನೆ ಲೆಕ್ಕ ಏರಿಸಬೇಡಿ.”

ಬಾಯಿಗೆ ಬಾಯಿ ಕೊಟ್ಟರೂ ಮನಸ್ಸಿಗೆ ಮುಳ್ಳು ನಾಟಿತ್ತು. ಏಕಾದಶಿಯ ದಿನ ಪರೀಕ್ಷೆಗೆ ಹೋಗುವ ವಿಷಯವನ್ನು ತಾವು ಹೋಗುವ ಮಠದಲ್ಲಿ ಯಾರಿಗೂ ಹೇಳಲಿಲ್ಲ. ಉಪವಾಸದ ವಿಷಯವನ್ನು ಪೆರುಂಗುಡಿಯಲ್ಲಿ ಯಾರಿಗೂ ಹೇಳಲಿಲ್ಲ.

ಮೇ ಇಪ್ಪತ್ತೊಂಬತ್ತರ ಗುರುವಾರ, ಬಾಟಲಿಗಳು ಮುಗಿದ ಮೇಲೆ ಜಲಜಾರನ್ನು ವಂದನಾ ಒಳಗೆ ಕರೆದಳು. ವಂದನಾ ಪ್ರಯೋಗಾಲಯದ ವಿಜ್ಞಾನಿ, ಬ್ಯಾಂಕಿನಲ್ಲಿದ್ದ ಕನ್ನಡದ ಅಪ್ಪ ಅಮ್ಮನ ಮಗಳು, ಹುಟ್ಟಿ ಬೆಳೆದದ್ದು ಇಲ್ಲೇ, ಮಾತಿನ ನಡುವೆ ತಮಿಳು ನುಸುಳುತ್ತಿತ್ತು.

“ಉಕ್ಕಾರುಂಗೊ ಆಂಟಿ, ಕೂತ್ಕೊಳಿ. ಒಂದು ವಿಷಯ ಹೇಳ್ಬೇಕು, ಹೇಗೆ ಹೇಳೋದೋ ತೆರಿಯಲೈ, ಗೊತ್ತಾಗ್ತಿಲ್ಲ.”

“ಮೊದಲು ಹೇಳು ಕಣ್ಣಾ, ಆಮೇಲೆ ಹೇಗೆ ಹೇಳೋದು ಅಂತ ನೋಡೋಣ.”

ವಂದನಾ ಕಂಪ್ಯೂಟರ್ ತಿರುಗಿಸಿದಳು. ಪರದೆಯ ಮೇಲೆ ಎಂಟು ಗೆರೆ. ಏಳು ಗೆರೆಗಳು ಎರಡರ ಸುತ್ತ ಸಣ್ಣಗೆ ಅಲೆಯುತ್ತಿದ್ದವು. ಉಳಿದ ಒಂದು, ಕೆಂಪು ಗೆರೆ, ಅವುಗಳ ಜೊತೆಗೇ ನಡೆದು ನಡೆದು, ಇದ್ದಕ್ಕಿದ್ದಂತೆ ಆರಕ್ಕೆ ನೆಗೆದು, ಮರುದಿನ ಕೆಳಗೆ ಬಿದ್ದಿತ್ತು. ಅಂಥ ನೆಗೆತ ನಾಲ್ಕು.

“ಈ ಕೆಂಪು ನೀವು. ಗೆಸ್ ಮಾಡಿ ಆರಕ್ಕೆ ಆರು ಬರೋ ಚಾನ್ಸ್ ಏಳುನೂರ ಇಪ್ಪತ್ತೊಂಬತ್ತರಲ್ಲಿ ಒಂದು. ನಿಮಗೆ ನಾಲ್ಕು ಸಲ ಬಂದಿದೆ. ಆದರೆ ಇಂಗಿನ ಕಂಪನಿಯ ಶ್ರೀನಾಥ್ ಸಾರ್ ಏನು ಹೇಳ್ತಾರೆ ಅಂದ್ರೆ, ದಿನಕ್ಕೊಂದು ಥರ ಇರೋ ಮೂಗು ಅಳತೆಗೆ ಆಗಲ್ಲ. ಆರನೇ ನಂಬರ್ ತೆಗೆದುಬಿಡಿ ಅಂದಿದಾರೆ. ನಿಮ್ಮನ್ನ ತೆಗೆದ್ರೆ ಡಬ್ಬಿ ಪಾಸ್. ಜುಲೈನಲ್ಲಿ ಅಂಗಡಿಗೆ.”

ಜಲಜಾಗೆ ಮೊದಲು ನೆನಪಾದದ್ದು ದೇವರ ಮನೆಯ ಪಕ್ಕದ ಮೊಳೆ.

“ನಾನೂ ತಲೆ ಕೆಡಿಸ್ಕೊಂಡೆ ಆಂಟಿ,” ವಂದನಾ ಮುಂದುವರಿಸಿದಳು. “ಎ.ಸಿ. ಸರ್ವಿಸ್ ಆದ ದಿನಾನಾ, ಯಾರಾದ್ರೂ ಸೆಂಟ್ ಹಾಕ್ಕೊಂಡು ಬಂದ ದಿನಾನಾ, ಎಲ್ಲ ನೋಡ್ಬಿಟ್ಟೆ. ವಾರದ ಲೆಕ್ಕಾನೂ ಇಲ್ಲ. ನಡುವೆ ಹದಿನಾರು ದಿನ, ಆಮೇಲೆ ಹದಿನಾಲ್ಕು, ಆಮೇಲೆ ಹದಿನೈದು.”

“ತಾರೀಕು ಹೇಳು.”

“ಏಪ್ರಿಲ್ ಎಂಟು. ಇಪ್ಪತ್ತನಾಲ್ಕು. ಮೇ ಎಂಟು. ಇಪ್ಪತ್ತಮೂರು.”

ಜಲಜಾ ಪಂಚಾಂಗ ತೆಗೆಯಲಿಲ್ಲ. ಮೂವತ್ತಾರು ವರ್ಷ ಆ ಲೆಕ್ಕವನ್ನು ಹೊಟ್ಟೆಯಲ್ಲೇ ಇಟ್ಟುಕೊಂಡವರಿಗೆ ಪಂಚಾಂಗ ಯಾಕೆ? ಹೇಳಿದರೆ, ಉಪವಾಸದ ದಿನ ಕೂತು ಇಂಗು ಮೂಸಿದ್ದು ಬಯಲಾಗುತ್ತದೆ. ಹೇಳದಿದ್ದರೆ ಚೀಟಿ ಹೋಗುತ್ತದೆ. ಅದಕ್ಕಿಂತ ಹೆಚ್ಚಾಗಿ, ಸೋರುವ ಡಬ್ಬಿ ಸೋರುವುದಿಲ್ಲ ಎಂದಾಗುತ್ತದೆ.

“ನಾಲ್ಕೂ ಏಕಾದಶಿ,” ಎಂದರು. “ಆ ದಿನ ನಾನು ನೀರೂ ಮುಟ್ಟೋದಿಲ್ಲ.”

ವಂದನಾ ಪರದೆ ನೋಡಿದಳು, ಅವರನ್ನು ನೋಡಿದಳು, ಮತ್ತೆ ಪರದೆ ನೋಡಿದಳು. “ಅಯ್ಯೋ,” ಅಂದಳು, ತೀರ ಮೆಲ್ಲಗೆ. “ಹಸಿದವರ ಮೂಗು ಚುರುಕು ಅಂತ ಓದಿದೀನಿ. ಬಾಟಲಿ ಕೊಡೋವಾಗ ಅದು ನೆನಪಿಗೇ ಬರಲಿಲ್ಲ. ಮುಂದಿನ ಏಕಾದಶಿ ಯಾವಾಗ?”

“ನಾಳೆ ಬಿಟ್ಟು ಮುಂದಿನ ಶುಕ್ರವಾರ. ಜೂನ್ ಆರು.”

ಜೂನ್ ಆರರಂದು ಶ್ರೀನಾಥ್ ತಾವೇ ಬಂದರು. ಕಂಪನಿಯ ಪ್ಯಾಕಿಂಗ್ ವಿಭಾಗದ ಮುಖ್ಯಸ್ಥರು. ಬೆಂಗಳೂರಿನಲ್ಲಿ ನಾಲ್ಕು ವರ್ಷ ಇದ್ದ ತಮಿಳರು, ಕನ್ನಡವನ್ನು ಧೈರ್ಯವಾಗಿ ಆಡುತ್ತಿದ್ದರು. “ಕೋಪ ಬೇಡ ಮಾಮಿ. ಇವತ್ತು ಏಕಾದಶಿ ಅಂತ ನಿಮಗೆ ಗೊತ್ತು. ಗೊತ್ತಿದ್ರೆ ಮನಸ್ಸು ಆಟ ಆಡುತ್ತೆ. ಅದಕ್ಕೇ ಬಾಟಲಿ ನಾನೇ ಜೋಡಿಸ್ತೀನಿ. ವಂದನಾಗೂ ತೋರ್ಸಲ್ಲ.” ಉಳಿದವರಲ್ಲಿ ಇಬ್ಬರಿಗೆ ಬೆಳಗಿನ ತಿಂಡಿ ಬಿಟ್ಟು ಬರಲು ಹೇಳಿದ್ದರು.

ಮೊದಲ ಮೂರು ಗುಂಪು ಸಲೀಸಾಗಿ ಮುಗಿದವು. ನಾಲ್ಕನೆಯ ಗುಂಪಿನಲ್ಲಿ ಜಲಜಾ ನಿಂತರು. ಹತ್ತನೆಯ ಬಾಟಲಿ, ಟೀ. ಹನ್ನೊಂದನೆಯದು, ಟೀ. ಹನ್ನೆರಡನೆಯದೂ ಟೀಯೇ. ಮೂಗನ್ನು ಸೆರಗಿನಿಂದ ಮುಚ್ಚಿಕೊಂಡು ಒಂದು ನಿಮಿಷ ಕೂತು, ಮತ್ತೆ ಮೊದಲಿನಿಂದ ಮೂಸಿದರು. ಇಂಗಿಲ್ಲ. ಮೂಗು ಕೈಕೊಟ್ಟಿತೇ? ಇವತ್ತೇ ಕೈಕೊಡಬೇಕೇ? ಒಂದಕ್ಕೆ ಸುತ್ತು ಹಾಕಲೇಬೇಕು ಎಂದು ಹಾಳೆಯ ಮೇಲೆ ಅಚ್ಚಾಗಿತ್ತು. ಹಾಕಿದರೆ ಮೂರರಲ್ಲಿ ಒಂದು ಪಾಲು ಸರಿಯಾಗುವ ಅವಕಾಶ. ಖಾಲಿ ಬಿಟ್ಟರೆ ನಿಯಮ ತಪ್ಪಿದ ಹಾಗೆ, ತೆಗೆದುಹಾಕಲು ಅದೊಂದೇ ನೆಪ ಸಾಕು. ಪೆನ್ಸಿಲ್ ಹನ್ನೊಂದರ ಮೇಲೆ ಹೋಗಿ ನಿಂತಿತು. ಆದರೆ ಕಿಟಕಿ ಮುಚ್ಚಿದ ಮನೆಯೊಳಗಿಂದ ವ್ಯಾಗನ್ ಗುರುತಿಸುತ್ತಿದ್ದ ಹುಡುಗಿ, ಗಾಡಿ ಖಾಲಿ ಬಂದ ದಿನ ‘ಏನೂ ಇಲ್ಲ’ ಅನ್ನುತ್ತಿದ್ದಳೇ ಹೊರತು ಹೆಸರು ಕಟ್ಟಿ ಹೇಳುತ್ತಿರಲಿಲ್ಲ. ಜಲಜಾ ಆ ಸಾಲಿನಲ್ಲಿ ಕನ್ನಡದಲ್ಲಿ ಬರೆದರು: ‘ಮೂರೂ ಒಂದೇ.’ ಮಿಕ್ಕ ಎರಡು ಗುಂಪು ಮುಗಿಸಿ ಹಾಳೆ ಕೊಟ್ಟರು.

ಶ್ರೀನಾಥ್ ಹಾಳೆಯನ್ನು ತಮ್ಮ ಪಟ್ಟಿಯ ಪಕ್ಕದಲ್ಲಿಟ್ಟು ನೋಡಿದರು. “ಇಲ್ಲಿ ಏನು ಬರ್ದಿದೀರಿ ಮಾಮಿ? ಇದು ಓದೋಕೆ ಬರಲ್ಲ ನನಗೆ.”

ವಂದನಾ ಓದಿ ಹೇಳಿದಳು.

ಅವರು ಕನ್ನಡಕ ತೆಗೆದು ಒರೆಸಿಕೊಂಡರು. “ನಾಲ್ಕನೇದರಲ್ಲಿ ನಾನು ಇಂಗು ಇಟ್ಟೇ ಇರಲಿಲ್ಲ. ಮೂರೂ ಶುದ್ಧ ಟೀ. ಏಳು ಜನ ಸುತ್ತು ಹಾಕಿದಾರೆ.” ಮಿಕ್ಕ ಐದು ಗುಂಪುಗಳಲ್ಲಿ ಆರನೇ ನಂಬರಿನ ಐದೂ ಸರಿ. ತಿಂಡಿ ಬಿಟ್ಟು ಬಂದ ಇಬ್ಬರಲ್ಲಿ ಒಬ್ಬರಿಗೆ ನಾಲ್ಕು, ಇನ್ನೊಬ್ಬರಿಗೆ ಒಂದು. ಅಷ್ಟರಿಂದ ಏನನ್ನೂ ಹೇಳುವ ಹಾಗಿಲ್ಲ ಎಂದು ವಂದನಾ ಗುರುತು ಹಾಕಿಕೊಂಡಳು.

ಶ್ರೀನಾಥ್ ಒಂದು ಕಾಗದದ ಡಬ್ಬಿಯನ್ನೇ ತಂದು ಮುಂದಿಟ್ಟರು. “ಎಲ್ಲಿಂದ ಬರ್ತಿದೆ?” ಜಲಜಾ ಅದನ್ನು ನಿಧಾನವಾಗಿ ತಿರುಗಿಸಿದರು. ಮೈಯಲ್ಲಿ ಇಲ್ಲ, ತಳದಲ್ಲಿ ಇಲ್ಲ. ಕಂಠದ ಅಂಚಿಗೆ ಬಂದಾಗ ನಿಂತರು. ಅಲ್ಲಿ ಕಾಗದವನ್ನು ಕತ್ತರಿಸಿದ್ದರು; ಒಳಗೂ ಹೊರಗೂ ಬಳಿದಿದ್ದ ತೆಳು ಲೇಪ ಆ ಕತ್ತರಿಸಿದ ಅಂಚಿಗೆ ಇರಲಿಲ್ಲ. “ಇಲ್ಲಿ,” ಎಂದು ಬೆರಳಿಟ್ಟರು. “ಸೀರೆಗೆ ಅಂಚು ಮಡಿಚಿ ಹೊಲಿಯದೆ ಬಿಟ್ಟ ಹಾಗಿದೆ.”

ಡಬ್ಬಿ ಜುಲೈನಲ್ಲಿ ಅಂಗಡಿಗೆ ಹೋಗಲಿಲ್ಲ. ಅಂಚನ್ನು ಒಳಕ್ಕೆ ಮಡಿಚುವ ಹೊಸ ಅಚ್ಚಿಗೆ ಶ್ರೀನಾಥ್ ಆ ಮಧ್ಯಾಹ್ನವೇ ಹೇಳಿಕಳಿಸಿದರು. ಹೊರಡುವ ಮುಂಚೆ ಬಾಗಿಲಲ್ಲಿ ನಿಂತು ಕೇಳಿದರು, “ಮಾಮಿ, ವಾರಕ್ಕೊಂದು ಏಕಾದಶಿ ಮಾಡೋಕೆ ಆಗಲ್ವಾ?”

“ಪಂಚಾಂಗ ನಿಮ್ಮ ಕಂಪನೀದಲ್ಲ ಸಾರ್,” ಅಂದರು ಜಲಜಾ.

ಸೋಮವಾರ ಆರನೇ ನಂಬರಿನ ಗೂಡಿನಲ್ಲಿ ಹೊಸ ನಮೂನೆಯ ಹಾಳೆ ಇತ್ತು. ಹಳೆಯದರಲ್ಲಿ ‘ತಿಂದು ಒಂದು ಗಂಟೆಯಾದರೂ ಆಗಿದೆಯೇ?’ ಎಂದು ಕೇಳಿ, ‘ಹೌದು’, ‘ಇಲ್ಲ’ ಎಂಬ ಎರಡು ಚೌಕ ಮಾತ್ರ ಇರುತ್ತಿದ್ದವು. ಈಗ ಚೌಕಗಳ ಜಾಗದಲ್ಲಿ ಒಂದು ಖಾಲಿ ಗೆರೆ: ‘ತಿಂದು ಎಷ್ಟು ಗಂಟೆಯಾಯಿತು?’

“ಇದೊಂದನ್ನ ಮೊದಲೇ ಹೇಳಿದ್ರೆ ಎರಡು ತಿಂಗಳು ಉಳೀತಿತ್ತು ಆಂಟಿ,” ವಂದನಾ ಅಂದಳು.

“ಹೇಳಿದ್ನಲ್ಲ ಕಣ್ಣಾ. ಮೊದಲನೇ ದಿನಾನೇ. ನೀನೇ ಕೇಳಿದೆ.”

ವಂದನಾಗೆ ಆಗ ನೆನಪಾಯಿತು. ಏಪ್ರಿಲ್ ಎಂಟರ ಬೆಳಗ್ಗೆ, ಎಂಟೂ ಜನರನ್ನು ಸಾಲಾಗಿ ಕೂರಿಸಿ, ತಿಂದು ಒಂದು ಗಂಟೆಯಾಯಿತೇ ಎಂದು ಅವಳು ಒಬ್ಬೊಬ್ಬರನ್ನೇ ಕೇಳಿಕೊಂಡು ಬಂದಿದ್ದಳು. ಹಿಂದಿನ ದಿನ ದಶಮಿಯ ಒಪ್ಪೊತ್ತಿನ ಊಟವನ್ನು ಮಧ್ಯಾಹ್ನ ಹನ್ನೆರಡೂವರೆಗೆ ಮುಗಿಸಿದ್ದ ಜಲಜಾ ಬೆರಳಲ್ಲಿ ಎಣಿಸಿ ಉತ್ತರ ಕೊಟ್ಟಿದ್ದರು. ಮಾಮಿ ಜೋಕು ಹೊಡೆಯುತ್ತಾರೆ ಎಂದು ಎಲ್ಲರೂ ನಕ್ಕಿದ್ದರು. ವಂದನಾಳೂ ನಗುತ್ತಲೇ ‘ಹೌದು’ ಚೌಕಕ್ಕೆ ಗುರುತು ಹಾಕಿ ಮುಂದೆ ಹೋಗಿದ್ದಳು. ಅಂದು ಜಲಜಾ ಹೇಳಿದ್ದು: “ಇಪ್ಪತ್ತೆರಡು.”